ನಮ್ಮ ಮನೆಯಲ್ಲಿ ಜಗಳವಿಲ್ಲ

ಕೊಟ್ಟೂರು
೧೭ ಅಕ್ಟೋಬರ್ ೨೦೨೪

ತೆಲಿಗಿಯ ತಂಗಿ ಭಾಗ್ಯಳಿಗೆ ಅಕ್ಕನ ಆಶೀರ್ವಾದ, ಜೊತೆಗೆ ಒಂದಿಷ್ಟು ಹೊಟ್ಟೆಕಿಚ್ಚು.

ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಮನೆಯ ಫೋನಿನ ಸ್ಪೀಕರ್ ಆರುವುದೇ ಇಲ್ಲ; ನನ್ನ ಗುಟ್ಟಿಗೆ ನಿನ್ನ ಅತ್ತೆಯೂ ಹೂಂಗುಟ್ಟುತ್ತಾರೆ. ಅದಕ್ಕೇ ಕಾಗದ.

ದಸರಾ ರಜೆಗೆ ನಿಮ್ಮಲ್ಲಿಗೆ ಬಂದ ನನ್ನ ಮಗಳು ಅರ್ಚನಾಳನ್ನು ಅಲ್ಲೇ ಶಾಲೆಗೆ ಹಾಕಲೇ ಎಂದು ನೀನು ಕೇಳಿದೆ. ನಿಮ್ಮಲ್ಲಿ ಅವಳು ತಿಂದದ್ದು ಮುದ್ದೆ, ಬಂದದ್ದು ನಿದ್ದೆ. ಇಲ್ಲಿ ಬಾದಾಮಿ ಹಾಲು ಕುಡಿದೂ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ಅಂಗೈಯಲ್ಲಿ ಬೆವರು. ಏಳನೇ ತರಗತಿಯ ಹುಡುಗಿಗೆ ಕಚ್ಚಲು ಉಗುರೇ ಉಳಿದಿಲ್ಲ. ಮನೆಯಲ್ಲಿ ಜಗಳವೇನಾದರೂ ಇದೆಯೇ ಎಂದು ಅವಳ ಟೀಚರ್ ಲಕ್ಷ್ಮಿದೇವಿ ಕೇಳಿದಾಗ, ನಮ್ಮಲ್ಲಿ ದನಿ ಎತ್ತುವವರೇ ಇಲ್ಲ ಎಂದು ಹೆಮ್ಮೆಯಿಂದ ಹೇಳಿ ಬಂದೆ. ಸುಳ್ಳಲ್ಲ. ನಾನೂ ನಿನ್ನ ಭಾವನೂ ಮಾತು ಬಿಟ್ಟು ವರ್ಷಗಳಾದವು. ಬೇಕಾದ್ದನ್ನು ಮಗಳ ಬಾಯಲ್ಲಿ ಹೇಳಿ ಕಳಿಸುತ್ತೇವೆ.

ಜಗಳವೆಂದರೆ ನಿಮ್ಮದು. ಚಟ್ನಿ ಸಪ್ಪೆಯಾದರೆ ನಿನ್ನ ಗಂಡ ಕರಿಸಿದ್ದಪ್ಪ, "ಲೇ, ಉಪ್ಪು ನಿಮ್ಮಪ್ಪ ಬಂದು ಹಾಕ್ತಾನೇನು?" ಎನ್ನುತ್ತಾನೆ. ನಿಮ್ಮಪ್ಪ ನನಗೂ ಅಪ್ಪನೇ, ಇರಲಿ. ಬೈಯುವಾಗಲಾದರೂ ನಿನ್ನ ಮುಖ ನೋಡುತ್ತಾನಲ್ಲ.

ನಿನ್ನೆ ನೀನು ಹಿತ್ತಲಿಗೆ ಹೋಗಿ ಫೋನಿನಲ್ಲಿ ಮೆಲ್ಲಗೆ ಹೇಳಿದ್ದು ಇನ್ನೂ ಸುಡುತ್ತಿದೆ. ಗ್ಯಾಸ್ ಮುಗಿದಿದೆ ಎಂದು ನಾನು ಹೇಳಿ ಕಳಿಸಿದರೆ, ನಿನ್ನ ಭಾವ ನಿಮ್ಮವ್ವಗ ಕೈಕಾಲು ಇಲ್ಲೇನು ಎನ್ನುತ್ತಾರಂತೆ. ಅರ್ಚನಾ ಒಳಗೆ ಬಂದು, ಅಪ್ಪ ಸಂಜಿಗೆ ತರ್ತಾನಂತ ಎಂದು ನನಗೆ ತಿದ್ದಿ ಹೇಳುತ್ತಾಳಂತೆ. ಆಮೇಲೆ ತರಗತಿಯಲ್ಲಿ ಕೂತು, ಸಂಜೆ ಸಿಲಿಂಡರ್ ಬರದಿದ್ದರೆ ಅವ್ವನಿಗೇನು ಹೇಳಲಿ ಎಂದು ದಿನವಿಡೀ ನಡುಗುತ್ತಾಳಂತೆ.

"ಚಿಗವ್ವಾ, ಇಲ್ಲಿ ನೀವು ನೀವೇ ಮಾತಾಡ್ಕೊಂತೀರಿ. ನಾ ಏನೂ ಹೇಳಬೇಕಾಗಿಲ್ಲ" ಅಂದಳಂತೆ.

ಇಷ್ಟನ್ನೂ ಹೆತ್ತವಳ ಮುಂದೆ ನುಂಗಿ ನಿನ್ನ ಮುಂದೆ ಬಿಚ್ಚಿದಳು. ನಾನು ಅತ್ತದ್ದು ಮಗಳ ಸಂಕಟಕ್ಕೆಂದು ನೀನು ತಿಳಿದಿರಬಹುದು. ಅರ್ಧ ಹೌದು. ಇನ್ನರ್ಧ, ಅವಳು ನಿನ್ನ ಮಡಿಲಲ್ಲಿ ತಲೆಯಿಟ್ಟು ಹೇಳಿದಳು ಎಂದೆಯಲ್ಲ, ಅದಕ್ಕೆ. ಆ ಮಡಿಲಿನ ವಿಷಯ ಹೇಳದಿದ್ದರೂ ನಡೆಯುತ್ತಿತ್ತು.

ಸೋಮವಾರ ಶಾಲೆ ಶುರು. ಭಾನುವಾರದ ಬಸ್ಸಿಗೆ ಹತ್ತಿಸು. ನನ್ನ ಮಗಳು ನನ್ನ ಮನೆಯಲ್ಲಿರಲಿ.

ನಿನ್ನ ಮೇಲೆ ಕಣ್ಣು ಹಾಕಿದ ಅಕ್ಕ,
ಸುಮಲತಾ

ತಾ.ಕ.: ಸಹಿ ಹಾಕಿ ಎದ್ದು, ನಾನೇ ಹೋಗಿ ನಿನ್ನ ಭಾವನಿಗೆ, "ರೊಟ್ಟಿ ಆರಾಕತ್ಯಾವ, ಬರ್ರಿ" ಎಂದೆ. ಅವರು ನನ್ನ ಕಡೆ ನೋಡಲಿಲ್ಲ. ಅರ್ಚನಾ ಬಂದಳೇನೋ ಎಂದು ಬಾಗಿಲ ಕಡೆ ನೋಡಿದರು. ಭಾನುವಾರ ಕಳಿಸಬೇಡ. ಶಾಲೆಗೆ ನಾನು ಹೇಳಿಕೊಳ್ಳುತ್ತೇನೆ.