ಹಿತ್ತಿಲಿಗೆ ಹಾಸಿದ ಕಲ್ಲು

ಅತ್ತಿಗೆಯವರಿಗೆ ನಮಸ್ಕಾರ.

ಗಾಬರಿಯಾಗಬೇಡಿ, ಅತ್ತೆ ಚೆನ್ನಾಗಿದ್ದಾರೆ. ಹಿತ್ತಿಲಲ್ಲಿ ಜಾರಿ ಬಿದ್ದ ಮೇಲೆ ಅವರು ಹೊಸ್ತಿಲು ದಾಟುತ್ತಿಲ್ಲವೆಂದು ನೀವು ನಿಮ್ಮ ಮನೆಗೇ ಕರೆದೊಯ್ಯುತ್ತೇನೆ ಎಂದಿರಿ. ಅವರಿಲ್ಲದ ಮನೆ ನೆನೆದೇ ಹೆದರಿ, ಹಿತ್ತಿಲಿಗೆ ನಾನೇ ಕಲ್ಲು ಹಾಸಿದೆ. ಅಂದ ಕಾಣಲಿ ಎಂದು ನುಣುಪು ಮುಖ ಮೇಲೆ ಮಾಡಿದ್ದೆ. ನೀರು ಸುರಿದು ನೋಡಿದರೆ ನಾನೇ ಜಾರಿದೆ! ಅತ್ತೆ ಕಿಟಕಿಯಿಂದ, "ಕಲ್ಲು ಸೊಸೇನೂ ಕೆಡವ್ತಲ್ಲ, ತಿರುಗಿಸಿ ಹಾಕೇ!" ಎಂದು ನಕ್ಕರು. ಎಲ್ಲ ಕಿತ್ತು, ಒರಟು ಮುಖ ಮೇಲೆ ಬರುವಂತೆ ಹಾಕಿದೆ.

ಇವತ್ತು ಮಳೆ ನಿಂತ ಮೇಲೆ ಅತ್ತೆ ಕೋಲೂರಿಕೊಂಡು ಗುಲಾಬಿ ಗಿಡದವರೆಗೆ ಒಬ್ಬರೇ ನಡೆದರು! ಹಿಡಿಯಲು ಹೋದರೆ, "ದೂರ ನಿಲ್ಲೇ, ನಿನ್ನ ನಡುಕಕ್ಕೆ ನಾನು ಬಿದ್ದೇನು" ಎಂದು ಗದರಿದರು.

ಭಾನುವಾರ ಖಂಡಿತ ಬನ್ನಿ. ಅವರ ಬಟ್ಟೆಗೆ ಪೆಟ್ಟಿಗೆ ಬೇಡ, ಗಿಡ ಕತ್ತರಿಸುವ ಕತ್ತರಿ ತನ್ನಿ. ಅತ್ತೆಯೇ ಅದನ್ನು ಕೇಳುತ್ತಿದ್ದಾರೆ.

ಕೈತುಂಬ ಬೊಬ್ಬೆಯೊಂದಿಗೆ,
ನಿಮ್ಮ ತಮ್ಮನ ಹೆಂಡತಿ