ಗಚ್ಚಿನ ಓಣಿಯ ಕೊಳವೆಗೆ ಮೂವತ್ತೊಂದು

ಹಿರೇಹೊಂಡ,
ಫೆಬ್ರವರಿ 30, 2119

ಶ್ರೀಮತಿ ನಿರ್ಮಲಾ ಯಡಹಳ್ಳಿ ಅವರಿಗೆ,
ಸಹಾಯಕ ಎಂಜಿನಿಯರ್, ನಗರ ನೀರು ಸರಬರಾಜು ವಿಭಾಗ, ಹಿರೇಹೊಂಡ.

ಮೇಡಂ,

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದಲ್ಲಿ ಮಿಗುವ ಐದು ದಿನ ಊರಿನ ಕೊಳವೆಗಳನ್ನು ತೊಳೆಯುತ್ತೇವೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ನಿಮ್ಮದೇ ಇಲಾಖೆಯ ಕಡತಗಳಿಂದ.

ಈ ಕಾಗದ ಹಿಂಟಪಾಲಿನಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ. ನನ್ನಂಥ ನೌಕರನಿಗೆ ಇಡೀ ಸೇವೆಯಲ್ಲಿ ಒಂದೇ ಕಾಗದಕ್ಕೆ ಅವಕಾಶ. ಎಲ್ಲರೂ ಅದನ್ನು ತಮ್ಮ ಹಿರಿಯರಿಗೆ ಬರೆಯುತ್ತಾರೆ. "ಮುತ್ತಜ್ಜಿಗೊಂದು ನಮಸ್ಕಾರ ಬರೀಲಿಲ್ಲ, ಪೈಪಿನ ಸಲುವಾಗಿ ಕಾಗದ ಬರಿಯಾಕ ಕುಂತೀರಲ್ಲ" ಎಂದು ನನ್ನ ಹೆಂಡತಿ ಶಾವಂತ್ರಿ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ಅದಕ್ಕೂ ನೀವೇ ಕಾರಣ.

ಇಲ್ಲಿಯ ಸ್ಥಿತಿ ಹೇಳುತ್ತೇನೆ. ಪ್ರತಿ ಮನೆಯ ಬಾಗಿಲ ಪಕ್ಕ ಒಂದು ಒತ್ತಡಮಾಪಕವಿದೆ. ನಳದಲ್ಲಿ ನೀರು ಎಷ್ಟು ಮೀಟರ್ ಮೇಲೇರಬಲ್ಲದು ಎಂಬುದನ್ನು ಅದು ತೋರಿಸುತ್ತದೆ. ಬೆಳಗ್ಗೆ ಎದುರಾದವರು ನೀವು ಕೇಳುವಂತೆ "ಚಹಾ ಆತೇನ್ರಿ" ಎನ್ನುವುದಿಲ್ಲ, "ಎಷ್ಟೈತ್ರಿ?" ಎನ್ನುತ್ತಾರೆ. ಹತ್ತು ಎಂದರೆ ಕ್ಷೇಮ. ಆರು ಎಂದರೆ ಕೇಳಿದವರು ಬೇರೆ ಮಾತು ತೆಗೆಯುತ್ತಾರೆ. ಊರಿನ ಕೊಳವೆ ಜಾಲದ ಗಣಕ ಮಾದರಿಗೆ ನಾವು ನೆರಳುಜಾಲ ಎನ್ನುತ್ತೇವೆ. ನೆರಳುಜಾಲದ ಲೆಕ್ಕದಲ್ಲಿ ಏಳು ಮೀಟರ್ ಒತ್ತಡ ಸಿಗದ ಓಣಿಯ ಕೊಳವೆಯನ್ನು ಕತ್ತರಿಸಿ, ಜನರನ್ನು ಊರಾಚೆಯ ಬ್ಲಾಕುಗಳಿಗೆ ಸಾಗಿಸಬೇಕೆಂದು ಹೋದ ವರ್ಷ ಕಾಯಿದೆ ಬಂದಿದೆ. ಆ ನೆರಳುಜಾಲಕ್ಕೆ ಇಂದಿಗೂ ಮೂಲ ಕಡತ ನಿಮ್ಮದು. ನೀವು ಸೋಮವಾರ ಸಹಿ ಮಾಡಲಿರುವ ಅದೇ ಮಾದರಿ.

ಅದರಲ್ಲಿ ಗಚ್ಚಿನ ಓಣಿಯ ಕೊಳವೆಯ ನಯದ ಸಂಖ್ಯೆ ಮೂವತ್ತೊಂದು ಎಂದಿದೆ. ಕೊಳವೆಯ ಒಳಮೈ ಹೊಸದಾಗಿದ್ದಾಗ ಈ ಸಂಖ್ಯೆ ನೂರಮೂವತ್ತರ ಆಸುಪಾಸು ಇರುತ್ತದೆ, ತುಕ್ಕು ಹಿಡಿದು ಮುದಿಯಾದಾಗ ಎಂಬತ್ತಕ್ಕೆ ಇಳಿಯುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಕೊಳವೆ ಹಾಕಿ ಎರಡು ವರ್ಷವಾಗಿದೆ. ಮೂವತ್ತೊಂದು ಆಗಬೇಕಾದರೆ ಅದರೊಳಗೆ ಯಾರಾದರೂ ಕಲ್ಲು ತುಂಬಬೇಕು.

ಅದು ಹೇಗೆ ಬಂತೆಂದು ಬಲ್ಲೆ. ಏಳು ಕಡೆ ಒತ್ತಡ ಅಳೆದಿರಿ. ಆರು ಕಡೆ ಲೆಕ್ಕ ಕೂಡಿತು. ಗಚ್ಚಿನ ಓಣಿಯಲ್ಲಿ ಮಾದರಿ ಹದಿಮೂರು ಮೀಟರ್ ಎಂದಿತು, ಮಾಪಕ ನಾಲ್ಕು ಎಂದಿತು. ವರದಿಯ ಗಡುವು ಹತ್ತಿರವಿತ್ತು. ಕುರ್ಚಿಯಿಂದ ಏಳದೆ ನಯದ ಸಂಖ್ಯೆಯನ್ನು ಇಳಿಸುತ್ತಾ ಹೋದಿರಿ. ಮೂವತ್ತೊಂದಕ್ಕೆ ಮಾದರಿಯೂ ನಾಲ್ಕು ಎಂದಿತು. "ಹೊಂದಾಣಿಕೆ ತೃಪ್ತಿಕರ" ಎಂದು ಬರೆದಿರಿ.

ನನ್ನ ತಲೆ ಕೆಡಿಸಿದ್ದು ಇದಲ್ಲ. ಕಡತದ ನೂರನಲವತ್ತನೆಯ ಪುಟದಲ್ಲಿ ನಿಮ್ಮ ವಾಲ್‌ಮನ್ ಹುಚ್ಚೀರಪ್ಪನ ಹೇಳಿಕೆ ಇದೆ, ಪೆನ್ಸಿಲ್ಲಿನಲ್ಲಿ, ನಿಮ್ಮದೇ ಅಕ್ಷರದಲ್ಲಿ: "ಆ ವಾಲ್ವ್ ನಾನ ಅರ್ಧಕ್ಕ ಇಟ್ಟೀನ್ರಿ ಬಾಯಾರ. ಪೂರಾ ತಗದ್ರ ಕೆಳಗಿನ ಪ್ಯಾಟಿಗೆ ನೀರು ಸಾಲಂಗಿಲ್ಲಂತ ಮೆಂಬರ್ ಸಾಹೇಬ್ರು ಬೈತಾರ." ಆತ ಹೇಳಿದ, ನೀವು ಬರೆದುಕೊಂಡಿರಿ, ಕಡತಕ್ಕೆ ಹೊಲಿದಿರಿ. ಕೇಳದೆ ಇದ್ದಿದ್ದರೆ ಕ್ಷಮಿಸುತ್ತಿದ್ದೆ.

ನೀವು ಸಹಿ ಮಾಡಿದ ಮುಂದಿನ ವಾರ ಆ ವಾಲ್ವಿನ ಮೇಲೆ ಡಾಂಬರು ಬಿತ್ತು. ಆಮೇಲೆ ಇನ್ನೂ ಹದಿನಾಲ್ಕು ಸಲ ಬಿತ್ತು. ತೊಂಬತ್ತು ವರ್ಷ ಮಾಪಕ ನಾಲ್ಕು ತೋರಿಸಿತು, ನೆರಳುಜಾಲವೂ ನಾಲ್ಕು ಎಂದಿತು. ಎರಡೂ ಒಂದೇ ಹೇಳುವಾಗ ಅಗೆದು ನೋಡುವವರು ಯಾರು? ಓಣಿಯ ಇನ್ನೂರಹನ್ನೆರಡು ಮನೆಗಳನ್ನು ಇದೇ ಮಾರ್ಚ್ ಹತ್ತರಂದು ಖಾಲಿ ಮಾಡಿಸಲು ಆದೇಶವಾಗಿದೆ. ಆದೇಶ ಜಾರಿಗೆ ಮುನ್ನ ಕಡತ ಓದಬೇಕಾದವನು ನಾನು. ಹಾಗಾಗಿ ಹುಚ್ಚೀರಪ್ಪ ಸಿಕ್ಕ.

ಅಗೆಯುವ ದಾವಲಸಾಬ ಮೂರು ದಿನ ರಸ್ತೆ ಕಡಿದ. "ಸಾಹೇಬ್ರ, ಇದು ರಸ್ತೆ ಅಲ್ಲ, ಪದರ ಪದರ ಹೋಳಿಗಿ" ಎಂದ. ವಾಲ್ವ್ ಸಿಕ್ಕಿತು. ಇಪ್ಪತ್ತಾರು ಸುತ್ತಿನಲ್ಲಿ ಹನ್ನೊಂದು ಸುತ್ತು ಮಾತ್ರ ತೆರೆದಿತ್ತು. ಎಣ್ಣೆ ಹಾಕಿ, ಒಂದೊಂದೇ ಸುತ್ತು ತಿರುಗಿಸಿ ಪೂರ್ತಿ ತೆರೆದೆವು. ಓಣಿಯ ಮಾಪಕಗಳು ಹನ್ನೆರಡಕ್ಕೆ ಏರಿದವು. ಕೆಳಪೇಟೆಯಲ್ಲಿ ಒಂದು ಮನೆಯೂ ಒಣಗಲಿಲ್ಲ.

ಖಾಲಿ ಮಾಡಿಸುವ ಆದೇಶದ ವಿಚಾರಣೆಯಲ್ಲಿ ನಾನು ಹೊಸ ಅಳತೆ ಮುಂದಿಟ್ಟೆ. ಅಧ್ಯಕ್ಷರು ಓದಿ ನೋಡಿ, "ಮಾಪಕ ಹೇಳೂದು ಇವತ್ತಿಂದು, ಕಡತ ಹೇಳೂದು ಕಾಯಂ. ಸಹಿ ಮಾಡಿದವ್ರನ್ನ ಕರ್ಕೊಂಡ ಬರ್ರಿ, ತಿದ್ದೂಣು" ಎಂದರು. ಮೂಲ ಕಡತವನ್ನು ಸಹಿ ಮಾಡಿದವರೇ ತಿದ್ದಬೇಕೆಂದು ನಿಯಮ. ಅವರು ಈಗಿಲ್ಲ ಎಂದೆ. "ಹಂಗಾರ ತಿದ್ದಾಕ ಬರೂದಿಲ್ಲ" ಎಂದು ಮುಂದಿನ ಪ್ರಕರಣ ಕರೆದರು. ಹೊರಗೆ ಓಣಿಯ ಕಾಶವ್ವ ಕಾಯುತ್ತಿದ್ದಳು, ಎಂಬತ್ತು ದಾಟಿದ ಮುದುಕಿ. ವಿಷಯ ತಿಳಿದು, "ನೀರು ನಳಕ್ಕ ಬಂತು, ಕಾಗದಕ್ಕ ಬರಲಿಲ್ಲ ಅಂತೀರಿ. ಹಂಗಾರ ಕಾಗದದಾಗ ಇರೋರನ್ನ ಸಾಗಸ್ರಿ, ನಾವಿಲ್ಲೇ ಇರ್ತೀವಿ" ಎಂದಳು. ಲಾರಿಗಳಿಗೆ ನಂಬರ್ ಕೊಟ್ಟಾಗಿದೆ.

ಆದ್ದರಿಂದ ಈ ಕಾಗದ. ಇದು ನಿಮಗೆ ಶನಿವಾರ ತಲುಪುತ್ತದೆ. ಭಾನುವಾರ ರಜೆ ಎಂದು ಗೊತ್ತು, ಆದರೂ ಹೋಗಿ. ಹುಚ್ಚೀರಪ್ಪನನ್ನು ಕರೆದುಕೊಳ್ಳಿ, ಆತನ ಬಳಿ ವಾಲ್ವ್ ತಿರುಗಿಸುವ ಕೀಲಿ ಇದೆ. ಗಚ್ಚಿನ ಓಣಿ ಶುರುವಾಗುವಲ್ಲಿ ಗಿರಣಿಯ ಗೋಡೆಯಿಂದ ನಾಲ್ಕು ಹೆಜ್ಜೆ, ಕಬ್ಬಿಣದ ಮುಚ್ಚಳ ಇನ್ನೂ ಬರಿಗಣ್ಣಿಗೆ ಕಾಣುತ್ತದೆ. ತಿರುಗಿಸುವಾಗ ಹನ್ನೆರಡರಿಂದ ಶುರುಮಾಡಿ ಗಟ್ಟಿಯಾಗಿ ಎಣಿಸಿ. ಇಪ್ಪತ್ತಾರು ಆಗುವ ತನಕ ಬಿಡಬೇಡಿ. ಮತ್ತೆ ಒತ್ತಡ ಅಳೆದು, ಬಂದದ್ದನ್ನು ಬರೆದು, ಆಮೇಲೆ ಸಹಿ ಮಾಡಿ. ಮೆಂಬರ್ ಸಾಹೇಬರು ಬೈದರೆ ಬೈಸಿಕೊಳ್ಳಿ. ಒಂದು ದಿನದ ಬೈಗುಳ ಅದು.

ಫಕೀರೇಶ ಮುಳಗುಂದ
ನೆರಳುಜಾಲ ಪರಿಶೀಲಕ