ಓಲಾವ್ ಎಂಬ ಹೆಸರು

ವೆರಿಬೀ,
ಜುಲೈ ೨೯

ಪ್ರೀತಿಯ ಅಮ್ಮಾ,

ಫೋನಿನಲ್ಲಾದರೆ ನಾವಿಬ್ಬರೂ ಮತ್ತೆ ಜಗಳಕ್ಕೇ ನಿಲ್ಲುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಆರಾಮ. ಕಾಲು ಊದಿಕೊಂಡಿದೆ, ಅಷ್ಟೇ. ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲೂ ಹೀಗೇ ಚಳಿಯೇ? ನಿನ್ನ ಮಂಡಿನೋವು ಹೇಗಿದೆ?

ಗಂಡಾದರೆ ಓಲಾವ್ ಎಂದು ಹೆಸರಿಡೋಣವೇ ಎಂದು ನನ್ನ ಮಾವ ಆರ್ನೆ ಕೇಳಿದ್ದು ನಿನಗೆ ಸಹಿಸಲಾಗಲಿಲ್ಲ. "ಯಾವನೋ ನಾರ್ವೆ ರಾಜ, ಕ್ರಿಶ್ಚಿಯನ್ ಆಗದೋರ ಕೈಕಾಲು ಕಡಿಸ್ದೋನು. ಅವನ ಹೆಸರು ನನ್ನ ಮೊಮ್ಮಗನಿಗಾ? ನಾನು ಬಾಣಂತನಕ್ಕೆ ಬರಲ್ಲ" ಎಂದು ನೀನು ಫೋನ್ ಇಟ್ಟೆ. ಆಮೇಲೆ ನೀನೂ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಇವತ್ತು ಆ ರಾಜನ ಹಬ್ಬ. ಯುದ್ಧದಲ್ಲಿ ಅವನು ಸತ್ತ ದಿನವಂತೆ. ಮಾವ ಬಂದು ತಾವೇ ನಾರ್ವೆಯ ಹಬ್ಬದಡುಗೆ, ಹುಳಿಕೆನೆಯ ಗಂಜಿ ಕಾಯಿಸಿದರು. ಕೈಕಾಲು ಕಡಿಸಿದ್ದು ನಿಜವೇ ಎಂದು ನೇರವಾಗಿ ಕೇಳಿಬಿಟ್ಟೆ. ನಿನ್ನ ಅಳಿಯ ಲಾರ್ಸ್ ಬೆಚ್ಚಿ ನನ್ನ ಮುಖ ನೋಡಿದ. ಮಾವ ಮಾತ್ರ ಸೌಟು ಕೆಳಗಿಟ್ಟು, ಹಳೆಯ ಕಥೆಗಳೆಲ್ಲ ಹಾಗೇ ಹೇಳುತ್ತವೆ ಎಂದರು. ಅವನನ್ನು ಕೊಂದವರು ಅವನ ಜನರೇ. ಅವರಲ್ಲೊಬ್ಬನ ಗಾಯ ರಾಜನ ರಕ್ತ ತಾಕಿ ಮಾಯಿತಂತೆ. ರಾಜನನ್ನು ಮೊದಲು ಸಂತ ಎಂದವನೂ ಅವನೇ ಅಂತೆ.

ಆದರೆ ಮಾವ ಕೇಳಿದ್ದು ರಾಜನಿಗಾಗಿ ಅಲ್ಲವಮ್ಮ. ಅವರ ತಮ್ಮನ ಹೆಸರು ಓಲಾವ್. ಮೀನಿನ ದೋಣಿಯಲ್ಲಿ ಹೋದವನು ಮರಳಲಿಲ್ಲ, ದೇಹವೂ ಸಿಗಲಿಲ್ಲ. ಅವರಮ್ಮ ಸಾಯುವವರೆಗೂ ಸಂಜೆ ಬಾಗಿಲಲ್ಲಿ ನಿಂತು ಆ ಹೆಸರು ಕೂಗುತ್ತಿದ್ದರಂತೆ. ಆ ಹೆಸರು ಕರೆದಾಗ ಒಂದು ಮಗು ಓಡಿಬರುವುದನ್ನು ಒಮ್ಮೆಯಾದರೂ ನೋಡಬೇಕು ಎಂದರು ಮಾವ.

ನಾನು ಒಪ್ಪಿಬಿಟ್ಟೆ, ನಿನ್ನನ್ನು ಕೇಳದೆ. ನೀನು ಹೇಳಿದ್ದೂ ಸುಳ್ಳಲ್ಲ. ಆದರೂ ಬಾ. ಮಗುವಿಗೆ ಎಣ್ಣೆ ನೀರು ಹಾಕುವುದು ನನಗೆ ಬರುವುದಿಲ್ಲ.

ನಿನ್ನ,
ಮಹಾಶ್ವೇತಾ

ತಾ.ಕ.: ಪೋಸ್ಟ್ ಮಾಡುವ ಮೊದಲೇ ನೋವು ಬಂತು, ಪತ್ರ ಬ್ಯಾಗಿನಲ್ಲೇ ಉಳಿಯಿತು. ಆಸ್ಪತ್ರೆಯಿಂದಲೇ ಅದರ ಫೋಟೋ ತೆಗೆದು ಕಳಿಸುತ್ತಿದ್ದೇನೆ. ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದೇವೆ. ಮಾವ ಎತ್ತಿಕೊಂಡು ತುಂಬಾ ಹೊತ್ತು ಕಿಟಕಿಯ ಬಳಿ ನಿಂತಿದ್ದರು. ಹೆಸರೇನು ಎಂದು ನರ್ಸ್ ಕೇಳಿದಾಗ, ಅದನ್ನು ಇವಳ ಅಜ್ಜಿ ಸಿಡ್ನಿಯಿಂದ ಬಂದು ಹೇಳುತ್ತಾರೆ ಎಂದರು. ನಾನು ಹೇಳಿಕೊಟ್ಟದ್ದಲ್ಲಮ್ಮ.